ವರ್ಜಿನಲ್: ಕನ್ಯೆಯರ ಹೆಸರು ಹೊತ್ತ ಪೆಟ್ಟಿಗೆ

1666ರ ಸೆಪ್ಟೆಂಬರ್ 2, ಭಾನುವಾರ. ಲಂಡನ್ನಿನ ಪುಡಿಂಗ್ ಲೇನಿನ ಬೇಕರಿಯೊಂದರಲ್ಲಿ ನಡುರಾತ್ರಿ ಕಳೆದ ಮೇಲೆ ಹೊತ್ತಿಕೊಂಡ ಬೆಂಕಿ ಬೆಳಕು ಹರಿಯುವಷ್ಟರಲ್ಲಿ ಬೀದಿಬೀದಿಗಳನ್ನು ನುಂಗುತ್ತಿದೆ. ಮರದ ಮನೆಗಳು, ಇಕ್ಕಟ್ಟಿನ ಓಣಿಗಳು, ಮೇಲಿಂದ ಬಿರುಸಾದ ಮೂಡಣ ಗಾಳಿ. ಜನ ಥೇಮ್ಸ್ ನದಿಯ ಕಡೆ ಓಡುತ್ತಿದ್ದಾರೆ. ಹಾಸಿಗೆ, ಪಾತ್ರೆ, ಗಂಟುಮೂಟೆಗಳನ್ನು ಸಿಕ್ಕ ದೋಣಿಗೆ ಎಸೆಯುತ್ತಿದ್ದಾರೆ. ದೋಣಿಗೆ ಸೇರದ ಒಳ್ಳೊಳ್ಳೆಯ ಸಾಮಾನು ನೀರಿನಲ್ಲಿ ತೇಲುತ್ತಿದೆ.

ಅದೇ ನದಿಯ ಮೇಲೆ ದೋಣಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದವನು ನೌಕಾಪಡೆಯ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್. ಆ ದಿನದ ದಿನಚರಿಯಲ್ಲಿ ಅವನು ಒಂದು ಚಿಕ್ಕ ಸಂಗತಿಯನ್ನೂ ಬರೆದಿಟ್ಟಿದ್ದಾನೆ. ಮನೆಸಾಮಾನು ಹೇರಿಕೊಂಡ ದೋಣಿಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದರಲ್ಲಿ ಒಂದು ವರ್ಜಿನಲ್ ಇತ್ತಂತೆ.

ಊರೇ ಉರಿಯುತ್ತಿರುವಾಗ ಅಷ್ಟು ಜನ ಹೊತ್ತು ತಂದ ಈ ವಸ್ತು ತಂತಿಗಳಿರುವ ಒಂದು ಮರದ ಪೆಟ್ಟಿಗೆ. ಪಿಯಾನೊ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಯುರೋಪಿನ ಮನೆಗಳಿಗೆ ಬಂದ ಕೀಲಿಮಣೆ ವಾದ್ಯ. ಇಂಗ್ಲಿಷ್ ನಿಘಂಟು ತೆರೆದರೆ ಇದೇ ಪದಕ್ಕೆ ಇನ್ನೊಂದು ಅರ್ಥವೂ ಸಿಗುತ್ತದೆ: ಕನ್ಯಾಸಹಜವಾದ, ನಿಷ್ಕಳಂಕವಾದ. ವಾದ್ಯಕ್ಕೂ ಕನ್ಯತ್ವಕ್ಕೂ ಒಂದೇ ಹೆಸರು ಅಂಟಿಕೊಂಡದ್ದರಿಂದ ಹೆಣ್ಣುಮಕ್ಕಳಿಗೆ ಸಂಗೀತದ ಬಾಗಿಲೊಂದು ತೆರೆಯಿತು. ಆದರೆ ಆ ಬಾಗಿಲು ಮನೆಯ ಒಳಕ್ಕೆ ಮಾತ್ರ ತೆರೆಯುವಂಥದು.

ಗರಿಯ ಚೂರು, ಹಂದಿಯ ಕೂದಲು

ಪಿಯಾನೊದ ಕೀ ಒತ್ತಿದರೆ ಒಳಗಿನ ಸುತ್ತಿಗೆ ತಂತಿಗೆ ಬಡಿಯುತ್ತದೆ. ವರ್ಜಿನಲ್‌ನಲ್ಲಿ ಬಡಿತವಿಲ್ಲ, ಮೀಟು ಇದೆ. ಆ ಮಟ್ಟಿಗೆ ಇದು ವೀಣೆ, ಸಿತಾರ್‌ಗಳ ಬಳಗದ್ದು. ವ್ಯತ್ಯಾಸವೆಂದರೆ ಇಲ್ಲಿ ತಂತಿಯನ್ನು ಬೆರಳು ಮುಟ್ಟುವುದೇ ಇಲ್ಲ. ಬೆರಳಿನ ಕೆಲಸವನ್ನು ಒಂದು ಸಪೂರ ಮರದ ಪಟ್ಟಿ ಮಾಡುತ್ತದೆ. ಅದರ ಹೆಸರು ಜ್ಯಾಕ್.

ಪ್ರತಿ ಕೀಯ ಹಿಂತುದಿಯ ಮೇಲೂ ಒಂದೊಂದು ಜ್ಯಾಕ್ ನಿಂತಿರುತ್ತದೆ. ಅದರ ತಲೆಯ ಹತ್ತಿರ ಒಂದು ಪುಟ್ಟ ನಾಲಗೆ, ಆ ನಾಲಗೆಯಿಂದ ಅಡ್ಡಕ್ಕೆ ಚಾಚಿದ ಗರಿಯ ದಂಟಿನ ಚೂರು. ಹೆಚ್ಚಾಗಿ ಕಾಗೆಯ ಜಾತಿಯ ಹಕ್ಕಿಗಳ ಗರಿ. ಕೀಯ ಮುಂತುದಿಯನ್ನು ಒತ್ತಿದಾಗ ಹಿಂತುದಿ ಏಳುತ್ತದೆ, ಜ್ಯಾಕ್ ಮೇಲೇರುತ್ತದೆ, ಗರಿಯ ಚೂರು ತಂತಿಯನ್ನು ಮೀಟಿ ಮೇಲಕ್ಕೆ ದಾಟುತ್ತದೆ.

ಜಾಣತನವಿರುವುದು ಅದು ಮರಳಿ ಇಳಿಯುವ ಬಗೆಯಲ್ಲಿ. ಇಳಿಯುವಾಗಲೂ ಗರಿ ತಂತಿಗೆ ತಗುಲಿದರೆ ಸ್ವರ ಎರಡು ಸಲ ನುಡಿದುಬಿಡುತ್ತದೆ. ಹಾಗಾಗದಂತೆ ನಾಲಗೆ ಹಿಂದಕ್ಕೆ ಬಾಗುತ್ತದೆ, ಗರಿ ಸದ್ದಿಲ್ಲದೆ ತಂತಿಯನ್ನು ಸರಿದು ಕೆಳಗಿಳಿಯುತ್ತದೆ. ಬಾಗಿದ ನಾಲಗೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಹಂದಿಯ ಒಂದೇ ಒಂದು ಬಿರುಗೂದಲು. ಜ್ಯಾಕಿನ ತಲೆಗೆ ಸಿಕ್ಕಿಸಿದ ಬಟ್ಟೆಯ ತುಣುಕು ತಂತಿಯ ಮೇಲೆ ಕೂತು ನಾದವನ್ನು ನಿಲ್ಲಿಸುತ್ತದೆ. ಇಷ್ಟೆಲ್ಲ ಕ್ಷಣಮಾತ್ರದಲ್ಲಿ ನಡೆಯುತ್ತದೆ, ಪ್ರತಿ ಸ್ವರಕ್ಕೂ ನಡೆಯುತ್ತದೆ. ಹಕ್ಕಿಯ ಗರಿ, ಹಂದಿಯ ಕೂದಲು, ಚೂರು ಬಟ್ಟೆ, ಒಂದು ಕಡ್ಡಿ ಮರ: ಹಳ್ಳಿಯ ಹಿತ್ತಲಲ್ಲಿ ಸಿಗುವಷ್ಟೇ ಸರಕಿನಿಂದ ಇಂಥ ಸೂಕ್ಷ್ಮ ಯಂತ್ರ ಕಟ್ಟಿದವರ ಕೈಗೆ ನಮಸ್ಕರಿಸಬೇಕು.

ಇದೇ ಬಗೆಯ ಮೀಟಿನ ದೊಡ್ಡ ವಾದ್ಯ ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಗಳು ನುಡಿಸುವವರಿಂದ ದೂರಕ್ಕೆ, ನೇರಕ್ಕೆ ಓಡುತ್ತವೆ. ವರ್ಜಿನಲ್‌ನಲ್ಲಿ ಅವು ಎಡದಿಂದ ಬಲಕ್ಕೆ ಅಡ್ಡ ಓಡುತ್ತವೆ. ಒಂದು ಸ್ವರಕ್ಕೆ ಒಂದೇ ತಂತಿ. ಮಂದ್ರಕ್ಕೆ ಹಿತ್ತಾಳೆ, ತಾರಕ್ಕೆ ಕಬ್ಬಿಣ. ಹಾಗಾಗಿ ಇಡೀ ವಾದ್ಯ ಒಂದು ಉದ್ದನೆಯ ಪೆಟ್ಟಿಗೆಯಲ್ಲಿ ಅಡಗುತ್ತದೆ. ಮೇಜಿನ ಮೇಲೆ ಇಡಬಹುದು, ಇಬ್ಬರು ಎತ್ತಿ ದೋಣಿಗೂ ಹಾಕಬಹುದು. ಇಟಲಿಯವರು ಇದನ್ನು ಸೈಪ್ರೆಸ್ ಮರದಲ್ಲಿ ಐದಾರು ಮೂಲೆಗಳಿರುವಂತೆ ಮಾಡುತ್ತಿದ್ದರು. ಫ್ಲಾಂಡರ್ಸ್ ಮತ್ತು ಇಂಗ್ಲೆಂಡಿನಲ್ಲಿ ಆಯತಾಕಾರವೇ ರೂಢಿ.

ಒಂದು ಮಿತಿಯನ್ನು ಹೇಳಲೇಬೇಕು, ಏಕೆಂದರೆ ಇದರ ಸಂಗೀತವೆಲ್ಲ ಆ ಮಿತಿಯಿಂದಲೇ ಬೆಳೆದಿದೆ. ಕೀಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಗರಿ ಮೀಟುವುದು ಹೆಚ್ಚುಕಡಿಮೆ ಒಂದೇ ಬಲದಲ್ಲಿ. ದನಿ ಏರದು, ಇಳಿಯದು. ಮೀಟಿದ ನಾದ ಬೇಗ ಸೊರಗುತ್ತದೆ ಕೂಡ. ಭಾವವನ್ನು ತರಬೇಕಾದರೆ ಕಾಲದ ಜತೆ ಆಡಬೇಕು: ಒಂದು ಸ್ವರವನ್ನು ಕೂದಲೆಳೆಯಷ್ಟು ತಡೆದು ಬಿಡುವುದು, ಇನ್ನೊಂದರ ಸುತ್ತ ಅಲಂಕಾರ ಕಟ್ಟುವುದು, ಉದ್ದ ಸ್ವರವನ್ನು ಒಡೆದು ಹತ್ತಾರು ಚಿಕ್ಕ ಸ್ವರಗಳಾಗಿ ಹರಿಸುವುದು. ಈ ವಾದ್ಯಕ್ಕಾಗಿ ಬರೆದ ರಚನೆಗಳಲ್ಲಿ ಬೆರಳು ಒಂದು ಗಳಿಗೆ ಸುಮ್ಮನಿರದಿದ್ದರೆ ಅದು ಬರೀ ಆಡಂಬರವಲ್ಲ. ಆರಿಹೋಗುವ ನಾದವನ್ನು ಉಳಿಸಿಕೊಳ್ಳುವ ದಾರಿ ಅದು.

ಹೆಸರು ಬಂದ ದಾರಿ

ಸುಮಾರು 1460ರಲ್ಲಿ ಪ್ರಾಗ್ ನಗರದ ವಿದ್ವಾಂಸ ಪೌಲಸ್ ಪೌಲಿರಿನಸ್ ಲ್ಯಾಟಿನ್ ಗ್ರಂಥವೊಂದರಲ್ಲಿ ಈ ವಾದ್ಯವನ್ನು ವರ್ಣಿಸಿದ. ಹೆಸರಿಗೆ ಅವನು ಕೊಟ್ಟ ಕಾರಣ ಸರಳ: ಇದರ ದನಿ ಕನ್ಯೆಯ ದನಿಯಂತೆ ಮಧುರ, ಮೃದು. 1511ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಸೆಬಾಸ್ಟಿಯನ್ ವಿರ್ಡುಂಗ್‌ನ ಸಂಗೀತ ಪುಸ್ತಕದಲ್ಲಿ ವರ್ಜಿನಲ್‌ನ ಮರದಚ್ಚಿನ ಚಿತ್ರವೂ ಇದೆ.

ಕಡ್ಡಿ, ಕೋಲು ಎಂಬ ಅರ್ಥದ ಲ್ಯಾಟಿನ್ ಪದ ‘ವಿರ್ಗ’ದಿಂದ, ಅಂದರೆ ಒಳಗಿನ ಜ್ಯಾಕ್‌ಗಳಿಂದ, ಹೆಸರು ಬಂದಿರಬೇಕು ಎನ್ನುವವರೂ ಇದ್ದಾರೆ. ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎಲ್ಲೆಲ್ಲೂ ಕೇಳಿಬರುವ ಮೂರನೆಯ ಕತೆಯನ್ನು ಮಾತ್ರ ಧೈರ್ಯವಾಗಿ ಬದಿಗಿಡಬಹುದು. ಮದುವೆಯಾಗದೆ ಉಳಿದ ‘ಕನ್ಯಾರಾಣಿ’ ಒಂದನೆಯ ಎಲಿಜಬೆತ್ ಇದನ್ನು ನುಡಿಸುತ್ತಿದ್ದಳು, ಅವಳಿಂದಲೇ ಈ ಹೆಸರು ಬಂತು ಎಂಬ ಕತೆ ಅದು. ಎಲಿಜಬೆತ್ ಹುಟ್ಟಿದ್ದು 1533ರಲ್ಲಿ. ಅವಳ ತಂದೆ ಎಂಟನೆಯ ಹೆನ್ರಿಯ ಖಾಸಗಿ ಖರ್ಚಿನ ಲೆಕ್ಕದಲ್ಲಿ 1530ರಲ್ಲೇ ವರ್ಜಿನಲ್ ಕೊಂಡ ನಮೂದಿದೆ.

ಹೆಸರಿನ ಬೇರು ಯಾವುದೇ ಇರಲಿ, ಜನ ಅದನ್ನು ಕನ್ಯೆಯ ಜತೆಗೇ ಕಟ್ಟಿಹಾಕಿದರು. ಥಾಮಸ್ ಬ್ಲೌಂಟ್ 1656ರಲ್ಲಿ ಹೊರತಂದ ಇಂಗ್ಲಿಷ್ ನಿಘಂಟಿನಲ್ಲಿ ಪದದ ಎರಡು ಅರ್ಥಗಳೂ ಒಂದೇ ಕಡೆ ಕೂತಿವೆ. ಈ ವಾದ್ಯವನ್ನು ಹೆಚ್ಚಾಗಿ ನುಡಿಸುವವರು ಮದುವೆಯಾಗದ ಹುಡುಗಿಯರು, ಅದಕ್ಕೇ ಈ ಹೆಸರು ಎನ್ನುತ್ತಾನೆ ಬ್ಲೌಂಟ್. ಎರಡು ಶತಮಾನದಲ್ಲಿ ವಿವರಣೆ ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಪೌಲಿರಿನಸ್‌ಗೆ ಕನ್ಯೆಯಂತಿದ್ದದ್ದು ವಾದ್ಯದ ದನಿ. ಬ್ಲೌಂಟ್‌ನ ಹೊತ್ತಿಗೆ ಅದು ನುಡಿಸುವವಳ ಗುರುತಾಗಿತ್ತು.

ಹಾಗಾಗಲು ಕಾರಣಗಳಿದ್ದವು. ಊದುವ ವಾದ್ಯ ನುಡಿಸಿದರೆ ಮುಖ ವಿಕಾರವಾಗುತ್ತದೆ, ಅದು ಹೆಣ್ಣಿಗೆ ಸಲ್ಲದು ಎಂಬ ಮಾತು ಆ ಕಾಲದಲ್ಲಿ ಬಲವಾಗಿತ್ತು. ದೊಡ್ಡ ಕಾಲುಪಿಟೀಲನ್ನು ಮೊಣಕಾಲ ನಡುವೆ ಹಿಡಿಯಬೇಕು, ಅದಕ್ಕೂ ಆಕ್ಷೇಪಣೆ. ವರ್ಜಿನಲ್ ಎದುರು ಹುಡುಗಿ ಬೆನ್ನು ನೆಟ್ಟಗಿಟ್ಟು, ಕೈ ಮಾತ್ರ ಆಡಿಸುತ್ತ ಕೂರುತ್ತಾಳೆ. ದನಿ ಪಕ್ಕದ ಕೋಣೆಯನ್ನು ದಾಟುವುದಿಲ್ಲ. ಕಲಿಸಲು ಮೇಷ್ಟರು ಮನೆಗೇ ಬರುತ್ತಾನೆ. ಮರ್ಯಾದಸ್ಥ ಮನೆತನಕ್ಕೆ ಇದಕ್ಕಿಂತ ನೆಮ್ಮದಿಯ ವಾದ್ಯ ಇನ್ನೆಲ್ಲಿ?

ಪರದೆಯ ಮರೆಯಲ್ಲಿ ರಾಯಭಾರಿ

ರಾಣಿಗೂ ಈ ಚೌಕಟ್ಟಿನಿಂದ ಪೂರ್ತಿ ಬಿಡುಗಡೆ ಇರಲಿಲ್ಲ. 1564ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯ ರಾಯಭಾರಿ ಜೇಮ್ಸ್ ಮೆಲ್ವಿಲ್ ಲಂಡನ್ನಿಗೆ ಬಂದ. ನಿಮ್ಮ ರಾಣಿಗೆ ಸಂಗೀತ ಬರುತ್ತದೆಯೇ, ಚೆನ್ನಾಗಿ ನುಡಿಸುತ್ತಾಳೆಯೇ ಎಂದು ಎಲಿಜಬೆತ್ ಕೇಳಿದಳು. ರಾಣಿಯೊಬ್ಬಳ ಮಟ್ಟಿಗೆ ಪರವಾಗಿಲ್ಲ ಎಂದ ಮೆಲ್ವಿಲ್.

ಅದೇ ದಿನ ಊಟದ ನಂತರ ಆಸ್ಥಾನದ ಲಾರ್ಡ್ ಹನ್ಸ್‌ಡನ್ ಅವನನ್ನು ಸದ್ದಿಲ್ಲದ ಪಡಸಾಲೆಯೊಂದಕ್ಕೆ ಕರೆದೊಯ್ದ. ಒಳಕೋಣೆಯಲ್ಲಿ ರಾಣಿ ಒಬ್ಬಳೇ ವರ್ಜಿನಲ್ ನುಡಿಸುತ್ತಿದ್ದಳು. ಮೆಲ್ವಿಲ್ ಬಾಗಿಲ ಪರದೆ ಸರಿಸಿ ಒಳಹೋಗಿ ಕೇಳುತ್ತ ನಿಂತ. ಅವಳ ಬೆನ್ನು ಇವನ ಕಡೆಗಿತ್ತು. ತಿರುಗಿ ನೋಡಿದವಳೇ ನುಡಿಸುವುದನ್ನು ನಿಲ್ಲಿಸಿ, ಹೊಡೆಯುವಂತೆ ಎಡಗೈ ಎತ್ತಿಕೊಂಡು ಬಂದಳು. ತಾನು ಗಂಡಸರೆದುರು ನುಡಿಸುವುದಿಲ್ಲ, ಒಬ್ಬಳೇ ಇದ್ದಾಗ ಮನಸ್ಸಿನ ಭಾರ ಕಳೆಯಲು ನುಡಿಸುತ್ತೇನೆ ಎಂದಳು. ಆಮೇಲೆ ಕೇಳಿಯೇ ಬಿಟ್ಟಳು: ನಾನು ಚೆನ್ನಾಗಿ ನುಡಿಸುತ್ತೇನೋ, ನಿಮ್ಮ ರಾಣಿಯೋ? ಈ ವಿಷಯದಲ್ಲಿ ಎಲಿಜಬೆತ್ತಳನ್ನೇ ಹೊಗಳಬೇಕಾಯಿತು ಎಂದು ಮೆಲ್ವಿಲ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ.

ಇಡೀ ಪ್ರಸಂಗ ಮೊದಲೇ ಹೂಡಿದ ಆಟವೆಂದು ನನಗೆ ತೋರುತ್ತದೆ. ರಾಯಭಾರಿಯನ್ನು ಅಲ್ಲಿಗೆ ಕರೆತಂದವನು ಅವಳ ಹತ್ತಿರದ ಬಂಧು. ದೇಶವಾಳುವ ಹೆಂಗಸಿಗೂ ತನ್ನ ವಿದ್ಯೆಯನ್ನು ಮೆರೆಸಬೇಕಾದರೆ, ಯಾರೂ ಕೇಳಬಾರದೆಂದೇ ನುಡಿಸುತ್ತಿದ್ದೆ ಎಂಬ ತೆರೆ ಬೇಕಾಗಿತ್ತು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅವಳದೆಂದು ನಂಬಲಾದ ವರ್ಜಿನಲ್ ಇದೆ. ವೆನಿಸ್‌ನಲ್ಲಿ ಆದದ್ದು, ಜೊವಾನಿ ಬಾಫೊ ಮಾಡಿದ್ದೆನ್ನಲಾಗಿದೆ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ರಾಜಲಾಂಛನವೂ ರಾಜದಂಡ ಹಿಡಿದ ಹಕ್ಕಿಯೂ ಇವೆ. ಆ ಹಕ್ಕಿ ಅವಳ ತಾಯಿ ಆ್ಯನ್ ಬೊಲಿನ್‌ಳ ಗುರುತು. ಎಲಿಜಬೆತ್ ಇನ್ನೂ ಮೂರು ತುಂಬದ ಕೂಸಾಗಿದ್ದಾಗ ತಂದೆಯೇ ಆ ತಾಯಿಯ ತಲೆ ಕಡಿಸಿದ್ದ.

ಬೀಗರ ಮನೆಗೆ ಹೋದ ಚಿತ್ರ

1577ರಲ್ಲಿ ಬೊಲೊನ್ಯಾ ನಗರದ ಚಿತ್ರಗಾರ್ತಿ ಲವೀನಿಯಾ ಫೊಂಟಾನಾ ಕನ್ನಡಿ ನೋಡಿಕೊಂಡು ತನ್ನ ಚಿತ್ರ ಬರೆದಳು. ಕೆಂಪು ಉಡುಪು, ಕಸೂತಿ ಮಾಡಿದ ತೋಳು, ಕೈಗಳು ವರ್ಜಿನಲ್ ಮೇಲೆ. ಹಿಂದೆ ಸ್ವರಪುಸ್ತಕ ಹಿಡಿದ ಸೇವಕಿ, ಕಿಟಕಿಯ ಬೆಳಕಲ್ಲಿ ಚಿತ್ರ ಬರೆಯುವ ನಿಲುವುಮಣೆ. ಮೇಲೆ ಲ್ಯಾಟಿನ್ನಿನಲ್ಲಿ ತನ್ನ ಹೆಸರು, ತಂದೆಯ ಹೆಸರು, ತಾನು ಕನ್ಯೆ ಎಂಬ ಮಾತು. ಈ ಚಿತ್ರ ಹೋದದ್ದು ಅವಳ ಮಾವನಾಗಲಿದ್ದವನ ಮನೆಗೆ.

ನಮ್ಮಲ್ಲಿ ಹೆಣ್ಣು ನೋಡಲು ಬಂದವರೆದುರು ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿ, ಹಾರ್ಮೋನಿಯಂ ಮುಂದಿಟ್ಟು ಒಂದು ದೇವರನಾಮ ಹಾಡಿಸುತ್ತಿದ್ದ ಕಾಲವನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೆ ಲವೀನಿಯಾ ತನ್ನ ಕಸುಬಿನ ನಿಲುವುಮಣೆಯನ್ನೂ ಚಿತ್ರದೊಳಗೆ ಇಟ್ಟಿದ್ದಾಳೆ. ಮದುವೆಯ ನಂತರವೂ ಅವಳು ಚಿತ್ರ ಬರೆಯುವುದನ್ನು ಬಿಡಲಿಲ್ಲ, ಅವಳ ದುಡಿಮೆಯಿಂದಲೇ ಸಂಸಾರ ನಡೆಯಿತು. ಅವಳಿಗಿಂತ ಮೊದಲು, 1548ರಲ್ಲಿ, ಆಂಟ್‌ವರ್ಪ್‌ನ ಕತರೀನಾ ವಾನ್ ಹೆಮೆಸೆನ್ ಕೂಡ ವರ್ಜಿನಲ್ ಎದುರು ಕೂತ ಹುಡುಗಿಯ ಚಿತ್ರ ಬರೆದಿದ್ದಳು. ಅದು ಈಗ ಕಲೋನ್‌ನಲ್ಲಿದೆ.

ನೂರು ವರ್ಷದ ನಂತರ ಇದೇ ವಾದ್ಯ ಡೆಲ್ಫ್ಟ್ ನಗರದ ಚಿತ್ರಕಾರ ವರ್ಮೀರನ ಕೈಗೆ ಬಂತು. ಇಂಗ್ಲೆಂಡಿನ ಅರಮನೆಯ ಸಂಗ್ರಹದಲ್ಲಿರುವ ‘ಸಂಗೀತ ಪಾಠ’ದಲ್ಲಿ ಹುಡುಗಿ ನಮಗೆ ಬೆನ್ನು ಮಾಡಿ ನಿಂತಿದ್ದಾಳೆ, ಪಕ್ಕದಲ್ಲಿ ಒಬ್ಬ ಗಂಡಸು. ವಾದ್ಯದ ಎತ್ತಿದ ಮುಚ್ಚಳದ ಮೇಲೆ ಲ್ಯಾಟಿನ್ ಸಾಲು: ಸಂಗೀತವು ಸಂತೋಷಕ್ಕೆ ಸಂಗಾತಿ, ದುಃಖಕ್ಕೆ ಮದ್ದು ಎಂಬ ಅರ್ಥದ್ದು. ಮೇಲಿನ ಗೋಡೆಗನ್ನಡಿಯಲ್ಲಿ ಅವಳ ಮುಖ ತುಸುವೇ ಗಂಡಸಿನ ಕಡೆ ತಿರುಗಿದೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ವರ್ಮೀರ್ 1670ರ ಆಸುಪಾಸಿನಲ್ಲಿ ಬರೆದ ಇನ್ನೆರಡು ಚಿತ್ರಗಳಿವೆ. ಒಂದರಲ್ಲಿ ಹೆಂಗಸು ನಿಂತು ನುಡಿಸುತ್ತಾಳೆ, ಗೋಡೆಯ ಮೇಲೆ ಮನ್ಮಥನ ಚಿತ್ರ. ಇನ್ನೊಂದರಲ್ಲಿ ಕೂತಿದ್ದಾಳೆ, ಅವಳ ತಲೆಯ ಹಿಂದೆ ತೂಗುತ್ತಿರುವುದು ಡಿರ್ಕ್ ವಾನ್ ಬಾಬ್ಯೂರೆನ್ 1622ರಲ್ಲಿ ಬರೆದ ವೇಶ್ಯಾಗೃಹದ ದೃಶ್ಯ: ಲ್ಯೂಟ್ ಹಿಡಿದ ಹುಡುಗಿ, ನಾಣ್ಯ ತೋರಿಸುವ ಗಿರಾಕಿ, ಕೈ ಚಾಚಿದ ಮುದುಕಿ. ಕನ್ಯೆಯ ವಾದ್ಯದ ಬೆನ್ನಿಗೇ ಇಂಥ ಚಿತ್ರವನ್ನು ತೂಗುಹಾಕುವಾಗ, ಶುದ್ಧತೆ ಎಂಬುದು ನೋಡುವವರ ಕಣ್ಣು ಹೊದಿಸಿದ ಬಟ್ಟೆ ಎಂಬುದು ವರ್ಮೀರನಿಗೆ ಗೊತ್ತಿದ್ದಿರಬೇಕು. ಅವನ ಹೆಂಗಸು ಮಾತ್ರ ಆ ಲೆಕ್ಕಾಚಾರಕ್ಕೆ ಸಿಗದೆ ನೇರವಾಗಿ ನಮ್ಮನ್ನೇ ನೋಡುತ್ತಾಳೆ.

ಷೇಕ್ಸ್‌ಪಿಯರ್ ಇದೇ ಸಂಶಯದ ಕಣ್ಣನ್ನು ನಾಟಕಕ್ಕೆ ತಂದ. ‘ದ ವಿಂಟರ್ಸ್ ಟೇಲ್’ ನಾಟಕದಲ್ಲಿ ಹೆಂಡತಿಯ ಬೆರಳು ಗೆಳೆಯನ ಅಂಗೈ ಮೇಲೆ ಆಡುವುದನ್ನು ಕಂಡ ದೊರೆ ಲಿಯಾಂಟಿಸ್‌ಗೆ ಅದು ವರ್ಜಿನಲ್ ನುಡಿಸಿದಂತೆ ಕಾಣುತ್ತದೆ. ಅವಳ ತಪ್ಪೇನೂ ಇಲ್ಲ. ಆದರೂ ಆ ಸಂಶಯ ಒಂದು ಸಂಸಾರವನ್ನೇ ಸುಡುತ್ತದೆ.

ಸಂಕೋಚವಿಲ್ಲದ ಸಂಗೀತ

ಹೆಸರು ಕೇಳಿ ಈ ವಾದ್ಯಕ್ಕೆ ಜೋಗುಳದಂಥ ಸಂಗೀತವಿರಬೇಕು ಎಂದುಕೊಂಡರೆ ಮೋಸಹೋಗುತ್ತೀರಿ. 1570ರಿಂದ ಮುಂದಿನ ಐವತ್ತು ವರ್ಷ ಇಂಗ್ಲೆಂಡಿನಲ್ಲಿ ಇದಕ್ಕಾಗಿ ಬಂದ ರಚನೆಗಳು ಕೀಲಿಮಣೆ ಸಂಗೀತದ ಚರಿತ್ರೆಯಲ್ಲೇ ಮೊದಲ ದೊಡ್ಡ ಬೆಳೆ.

ಅದರ ಮುಂಚೂಣಿಯಲ್ಲಿದ್ದವನು ವಿಲಿಯಂ ಬರ್ಡ್. ಪ್ರೊಟೆಸ್ಟಂಟ್ ರಾಣಿಯ ಪ್ರಾರ್ಥನಾಲಯದಲ್ಲಿ ನೌಕರಿ, ಮನಸ್ಸು ಕೊನೆವರೆಗೂ ಕ್ಯಾಥೊಲಿಕ್. 1591ರ ಸೆಪ್ಟೆಂಬರಿನಲ್ಲಿ ವಿಂಡ್ಸರ್‌ನ ಜಾನ್ ಬಾಲ್ಡ್‌ವಿನ್ ಅವನ 42 ರಚನೆಗಳನ್ನು ಅಂದವಾದ ಅಕ್ಷರದಲ್ಲಿ ಪ್ರತಿಮಾಡಿ ಮುಗಿಸಿದ. ಲೇಡಿ ನೆವೆಲ್ ಎಂಬ ಶ್ರೀಮಂತ ಮಹಿಳೆಗೆಂದು ಮಾಡಿದ ಪುಸ್ತಕ ಅದು. ಗಂಭೀರವಾದ ಪವನ್ ಕುಣಿತಗಳ ಜತೆಗೇ ಅದರಲ್ಲಿ ಒಂದು ಇಡೀ ಯುದ್ಧ ಇದೆ: ಕಾಲಾಳುಗಳ ನಡಿಗೆ, ಕುದುರೆಗಳ ಓಟ, ಕಹಳೆ, ನಗಾರಿ. ಮೃದು ದನಿಯ ಪೆಟ್ಟಿಗೆಯಲ್ಲಿ ರಣರಂಗವನ್ನು ನುಡಿಸಲು ಒಬ್ಬ ಗೃಹಿಣಿಗೆ ಕೊಟ್ಟ ಪುಸ್ತಕ.

ಬರ್ಡ್‌ಗಿಂತ ಸುಮಾರು ಇಪ್ಪತ್ತು ವರ್ಷ ಚಿಕ್ಕವನಾದ ಜಾನ್ ಬುಲ್ ಬೇರೆ ಬಗೆಯ ಮನುಷ್ಯ. ಅವನ ‘ವಾಲ್ಸಿಂಗ್‌ಹ್ಯಾಮ್’ ರಚನೆ ಒಂದು ಯಾತ್ರಿಕರ ಹಾಡಿನ ಧಾಟಿಯನ್ನು ಹಿಡಿದು 30 ಬಗೆಯಲ್ಲಿ ತಿರುಗಿಸುತ್ತದೆ. ಎರಡು ಕೈಗಳೂ ಒಂದನ್ನೊಂದು ದಾಟುತ್ತ, ಒಂದೇ ಸ್ವರವನ್ನು ಮಿಂಚಿನಂತೆ ಮತ್ತೆ ಮತ್ತೆ ಮೀಟುತ್ತ ಸಾಗುವ ಈ ಸಂಗೀತ ಇವತ್ತಿನ ನುರಿತ ವಾದಕರನ್ನೂ ಬೆವರಿಳಿಸುತ್ತದೆ. 1613ರಲ್ಲಿ ಬುಲ್ ವ್ಯಭಿಚಾರದ ಆರೋಪ ಹೊತ್ತು ದೇಶ ಬಿಟ್ಟು ಓಡಿದ. ಆಗ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಾರ್ಜ್ ಆ್ಯಬಟ್ ಬರೆದ ಪತ್ರದಲ್ಲಿ ಈ ಪದದ ಎರಡೂ ಅರ್ಥಗಳು ಚುಚ್ಚುತ್ತವೆ: ಈ ಮನುಷ್ಯ ವರ್ಜಿನಲ್ ನುಡಿಸುವುದಕ್ಕೆ ಎಷ್ಟು ಹೆಸರಾದವನೋ ಕನ್ಯತ್ವ ಕೆಡಿಸುವುದಕ್ಕೂ ಅಷ್ಟೇ ಹೆಸರಾದವನು ಎಂಬುದು ಅದರ ತಾತ್ಪರ್ಯ. ಬುಲ್ ಆಮೇಲೆ ಆಂಟ್‌ವರ್ಪ್‌ನ ಮುಖ್ಯ ಚರ್ಚಿನಲ್ಲಿ ಆರ್ಗನ್ ವಾದಕನಾಗಿ ಬಾಳಿ 1628ರಲ್ಲಿ ತೀರಿಕೊಂಡ.

ಓಡಿಹೋಗುವ ಮುಂಚೆ ಅವನು ಇಂಗ್ಲೆಂಡಿನ ದೊರೆ ಜೇಮ್ಸ್‌ನ ಮಗಳು ಎಲಿಜಬೆತ್‌ಗೆ ಸಂಗೀತ ಕಲಿಸುತ್ತಿದ್ದ. 1613ರ ಫೆಬ್ರುವರಿ 14ರಂದು ಅವಳ ಮದುವೆ ಜರ್ಮನಿಯ ಫ್ರೆಡರಿಕ್ ಜತೆ ನಡೆಯಿತು. ಆ ಮದುವೆಯ ಉಡುಗೊರೆಯಾಗಿ ಬಂದ ಪುಸ್ತಕ ‘ಪಾರ್ಥೇನಿಯಾ’. ಬರ್ಡ್, ಬುಲ್ ಮತ್ತು ಯುವಕ ಆರ್ಲಂಡೊ ಗಿಬನ್ಸ್ ಅವರ 21 ರಚನೆಗಳು, ತಾಮ್ರದ ತಗಡಿನಲ್ಲಿ ಕೊರೆದು ಮುದ್ರಿಸಿದವು. ಇಂಗ್ಲೆಂಡಿನಲ್ಲಿ ಈ ವಾದ್ಯಕ್ಕಾಗಿ ಅಚ್ಚಾದ ಮೊದಲ ಸಂಗೀತ ಇದೇ. ಪಾರ್ಥೇನಿಯಾ ಎಂದರೂ ಗ್ರೀಕಿನಲ್ಲಿ ಕನ್ಯೆಗೆ ಸಂಬಂಧಿಸಿದ್ದೇ. ಮೊದಲ ಸಲ ಅಚ್ಚಾಗುವ ಸಂಗೀತ, ಕನ್ಯೆಯ ವಾದ್ಯ, ಮದುಮಗಳು: ಮೂರನ್ನೂ ಒಂದೇ ಮಾಲೆಗೆ ಪೋಣಿಸಿದ ಶೀರ್ಷಿಕೆ. ಅದನ್ನು ಓದಿದಾಗ ನನಗೆ ಹಿತವೆನಿಸುವುದಿಲ್ಲ. ಹದಿನಾರರ ಹುಡುಗಿ ಅವಳು, ಬೆರಳಲ್ಲಿ ಬುಲ್‌ನ ಪಾಠವಿತ್ತು. ಅಚ್ಚಿನವರಿಗೆ ಕಂಡದ್ದು ಅವಳ ಕನ್ಯತ್ವ.

ಆದರೂ ಹೆಚ್ಚಿನ ಸಂಗೀತ ಅಚ್ಚಿನ ಮನೆ ಕಾಣಲಿಲ್ಲ, ಕೈಬರಹದಲ್ಲೇ ಉಳಿಯಿತು. ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಮ್ಮಿನಲ್ಲಿರುವ ಒಂದೇ ಪುಸ್ತಕದಲ್ಲಿ ಸುಮಾರು 300 ರಚನೆಗಳಿವೆ. ಲಂಡನ್ನಿನ ಸೆರೆಮನೆಯಲ್ಲಿದ್ದ ಕ್ಯಾಥೊಲಿಕ್ ಫ್ರಾನ್ಸಿಸ್ ಟ್ರೆಜಿಯನ್ ಅದನ್ನು ಕೂತು ಬರೆದ ಎಂಬ ನಂಬಿಕೆ ಬಹುಕಾಲ ನಡೆಯಿತು. ಈಗ ಅದನ್ನು ಒಪ್ಪದ ಸಂಶೋಧಕರೂ ಇದ್ದಾರೆ.

ಆಂಟ್‌ವರ್ಪ್‌ನ ಕೈಗಳು

ಸಂಗೀತ ಇಂಗ್ಲೆಂಡಿನದು, ಒಳ್ಳೆಯ ವಾದ್ಯ ಆಂಟ್‌ವರ್ಪ್‌ನದು. ಹಾನ್ಸ್ ರುಕರ್ಸ್ 1579ರಲ್ಲಿ ಅಲ್ಲಿನ ಸಂತ ಲೂಕನ ಹೆಸರಿನ ಕಸುಬುದಾರರ ಸಂಘಕ್ಕೆ ಸೇರಿದ. ಅದು ಚಿತ್ರಕಾರರ ಸಂಘವೂ ಹೌದು. ಅವನ ಮಕ್ಕಳು, ಮೊಮ್ಮಕ್ಕಳು ಮುಂದುವರಿಸಿದ ಆ ಕಾರ್ಖಾನೆಯ ಹೆಸರು ಯುರೋಪಿನುದ್ದಕ್ಕೂ ಹಬ್ಬಿತು.

ರುಕರ್ಸ್ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಕಣ್ಣಿಗೇ ಹಬ್ಬ. ಒಳಗೋಡೆಗೆ ಅಚ್ಚೊತ್ತಿದ ಕಾಗದ, ಅದರ ಮೇಲೆ ಮೀನಬಾಲದ ಕುದುರೆಗಳ ಬಳ್ಳಿ. ತಂತಿಗಳ ಕೆಳಗಿನ ತೆಳು ಹಲಗೆಯ ತುಂಬ ಹೂವು, ಹಕ್ಕಿ, ಪತಂಗ, ಕೆಲವೊಮ್ಮೆ ಸಿಗಡಿ. ನಡುವೆ ಮಾಡಿದವನ ಹೆಸರಿನ ಮೊದಲಕ್ಷರ ಹೊತ್ತ ಬಂಗಾರ ಬಣ್ಣದ ಬಿಲ್ಲೆ. ದೊಡ್ಡ ಅಳತೆಯದು ಸುಮಾರು ಐದೂವರೆ ಅಡಿ ಉದ್ದ, 45 ಕೀ.

ಕೀಲಿಮಣೆಯನ್ನು ಪೆಟ್ಟಿಗೆಯ ಎಡಕ್ಕೆ ಕೂರಿಸಿದರೆ ಗರಿ ತಂತಿಯನ್ನು ತುದಿಯ ಹತ್ತಿರ ಮೀಟುತ್ತದೆ, ನಾದ ಹರಿತ. ಬಲಕ್ಕೆ ಕೂರಿಸಿದರೆ ಹೆಚ್ಚುಕಡಿಮೆ ನಟ್ಟನಡುವೆ ಮೀಟುತ್ತದೆ, ನಾದ ದುಂಡಗೆ, ತುಂಬುದನಿಯಾಗುತ್ತದೆ. ಈ ಎರಡನೆಯದಕ್ಕೆ ಮ್ಯೂಸೆಲಾರ್ ಎಂದು ಹೆಸರು. ಅದರ ಮಂದ್ರ ಸ್ವರಗಳು ಮಾತ್ರ ತುಸು ಗೊರಗೊರ. ಹಂದಿಮರಿಗಳು ಗುರುಗುಟ್ಟಿದಂತೆ ಎಂದು ಹದಿನೆಂಟನೆಯ ಶತಮಾನದ ಡಚ್ ಸಂಗೀತಗಾರನೊಬ್ಬ ಬೈದಿದ್ದಾನೆ. ವರ್ಮೀರನ ಹೆಂಗಸರ ಮುಂದಿರುವುದು ಈ ಮ್ಯೂಸೆಲಾರ್.

ಇನ್ನೊಂದು ಬಗೆಗೆ ‘ತಾಯಿ-ಮಗು’ ಎಂದು ಕರೆಯುತ್ತಿದ್ದರು. ದೊಡ್ಡ ವರ್ಜಿನಲ್‌ನ ಹೊಟ್ಟೆಯಲ್ಲಿ, ಕೀಲಿಮಣೆಯ ಪಕ್ಕದ ಖಾನೆಯಲ್ಲಿ, ಒಂದು ಸ್ಥಾಯಿ ಮೇಲೆ ನುಡಿಯುವ ಪುಟ್ಟ ವರ್ಜಿನಲ್. ಅದನ್ನು ಹೊರಗೆಳೆದು ತಾಯಿಯ ಮೇಲೆ ಕೂರಿಸಿದರೆ ಒಂದೇ ಕೀಲಿಮಣೆಯಿಂದ ಎರಡನ್ನೂ ನುಡಿಸಬಹುದು. 1581ರಲ್ಲಿ ಹಾನ್ಸ್ ರುಕರ್ಸ್ ಮಾಡಿದ ಇಂಥದೊಂದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದು ಸಿಕ್ಕಿದ್ದು ದಕ್ಷಿಣ ಅಮೆರಿಕದ ಪೆರುವಿನಲ್ಲಿ, ಕುಸ್ಕೊ ಹತ್ತಿರದ ಎಸ್ಟೇಟೊಂದರ ಪ್ರಾರ್ಥನಾಲಯದಲ್ಲಿ, ಸುಮಾರು 1915ರಲ್ಲಿ. ಮುಂಭಾಗದಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪ್ ಮತ್ತು ಅವನ ರಾಣಿಯ ಮುಖಮುದ್ರೆಗಳಿವೆ.

ಜಹಾಂಗೀರನ ಮುಂದೆ

ಹಡಗು ಹತ್ತಿದ ವರ್ಜಿನಲ್ ನಮ್ಮ ಕಡೆಗೂ ಬಂತು. ಅದಕ್ಕೆ ಮೊದಲೇ, 1520ರ ಆಸುಪಾಸಿನಲ್ಲಿ, ಪೋರ್ಚುಗೀಸ್ ಫಿಗೆರೇದು ವಿಜಯನಗರದ ಕೃಷ್ಣದೇವರಾಯನಿಗೆ ಆರ್ಗನ್ ವಾದ್ಯವನ್ನು ಕಾಣಿಕೆ ಕೊಟ್ಟದ್ದನ್ನೂ, ರಾಯ ಅದನ್ನು ಮೆಚ್ಚಿದ್ದನ್ನೂ ಅವನ ಜತೆಗಿದ್ದ ಪ್ರವಾಸಿ ಡೊಮಿಂಗೊ ಪಾಯಸ್ ದಾಖಲಿಸಿದ್ದಾನೆ. ಯುರೋಪಿನ ಕೀಲಿಮಣೆಯ ದನಿ ಕನ್ನಡ ನೆಲದ ರಾಜಧಾನಿಯಲ್ಲಿ ಅಷ್ಟು ಹಿಂದೆಯೇ ಕೇಳಿಸಿತ್ತು.

ವರ್ಜಿನಲ್ ತಂದವರು ಈಸ್ಟ್ ಇಂಡಿಯಾ ಕಂಪನಿಯ ಇಂಗ್ಲಿಷರು. 1613ರಲ್ಲಿ ಆಗ್ರಾಕ್ಕೆ ಬಂದ ಪಾಲ್ ಕ್ಯಾನಿಂಗ್‌ನ ತಂಡದಲ್ಲಿ ಒಬ್ಬ ವರ್ಜಿನಲ್ ವಾದಕನೂ, ಕಾರ್ನೆಟ್ ಎಂಬ ಊದುವ ವಾದ್ಯದವನೊಬ್ಬನೂ ಇದ್ದರು. ಜಹಾಂಗೀರನಿಗೆ ಹಿಡಿಸಿದ್ದು ಕಾರ್ನೆಟ್. ವರ್ಜಿನಲ್‌ಗೆ ಬೆಲೆ ಸಿಗಲಿಲ್ಲ. 1616ರ ಜನವರಿಯಲ್ಲಿ ಅಜ್ಮೀರಿನಲ್ಲಿ ರಾಯಭಾರಿ ಥಾಮಸ್ ರೋ ಕೊಟ್ಟ ಕಾಣಿಕೆಗಳಲ್ಲಿ ಒಂದು ಕುದುರೆಸಾರೋಟು, ಚಾಕುಗಳು, ಖಡ್ಗದ ಜತೆ ಮತ್ತೆ ವರ್ಜಿನಲ್ ಇತ್ತು. ಬಾದಶಹ ತಂಡದ ವಾದಕನಿಂದ ಅದನ್ನು ನುಡಿಸಿ ಕೇಳಿದ, ಈ ಸಲ ಸಂತೋಷಪಟ್ಟ ಎಂದು ರೋ ಬರೆದಿದ್ದಾನೆ.

ಆದರೂ ಅದು ಇಲ್ಲಿ ಬೇರುಬಿಡಲಿಲ್ಲ. ಒಂದು ಕೋಣೆಗೆಂದು ಮಾಡಿದ ದನಿ ತೆರೆದ ದರ್ಬಾರಿನಲ್ಲಿ ಕರಗಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ವಾದ್ಯದಲ್ಲಿ ಸ್ವರವನ್ನು ಜಗ್ಗಲಾಗದು, ಜಾರಿಸಲಾಗದು. ಗಮಕವಿಲ್ಲದೆ ನಮ್ಮ ಕಿವಿಗೆ ರಾಗವಿಲ್ಲ. ಇದೇ ತಕರಾರಿನ ಮೇಲೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನೇ ಹೊರಗಿಟ್ಟಿತ್ತು.

ಮರೆವು ಮತ್ತು ಮರುಹುಟ್ಟು

ಲಂಡನ್ ಬೆಂಕಿಯ ನಂತರ ವರ್ಜಿನಲ್‌ನ ಕಾಲ ಬೇಗ ಇಳಿಯಿತು. ಇಂಗ್ಲೆಂಡಿನ ಮನೆಗಳಲ್ಲಿ ಅದರ ಜಾಗಕ್ಕೆ ರೆಕ್ಕೆಯಾಕಾರದ ಸ್ಪಿನೆಟ್ ಎಂಬ ಮೀಟುವಾದ್ಯ ಬಂತು. 1700ರ ಹೊತ್ತಿಗೆ ಫ್ಲಾರೆನ್ಸ್‌ನ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಪಿಯಾನೊ ಮಾಡಿದ. ಬೆರಳ ಬಲಕ್ಕೆ ತಕ್ಕಂತೆ ದನಿ ಏರಿಳಿಯುವ ವಾದ್ಯದ ಎದುರು ಗರಿಯ ಮೀಟು ನಿಲ್ಲಲಿಲ್ಲ. ಇನ್ನೂರು ವರ್ಷ ಬರ್ಡ್, ಬುಲ್‌ರ ಸಂಗೀತ ಕಪಾಟಿನಲ್ಲಿ ಮಲಗಿತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆರ್ನಲ್ಡ್ ಡಾಲ್ಮೆಚ್ ಹಳೆಯ ವಾದ್ಯಗಳನ್ನು ರಿಪೇರಿ ಮಾಡಿ, ಹೊಸದಾಗಿಯೂ ಕಟ್ಟಿ ನುಡಿಸತೊಡಗಿದ. 1899ರಲ್ಲಿ ಫಿಟ್ಜ್‌ವಿಲಿಯಂ ಪುಸ್ತಕ ಪೂರ್ತಿಯಾಗಿ ಅಚ್ಚಾಯಿತು. 1971ರಲ್ಲಿ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಬರ್ಡ್ ಮತ್ತು ಗಿಬನ್ಸ್ ರಚನೆಗಳನ್ನು ಪಿಯಾನೊದಲ್ಲಿ ನುಡಿಸಿದ ಧ್ವನಿಮುದ್ರಿಕೆ ಹೊರಬಂತು. ಗಿಬನ್ಸ್ ತನ್ನ ಅತ್ಯಂತ ಪ್ರೀತಿಯ ಸಂಗೀತಕಾರ ಎನ್ನುತ್ತಿದ್ದವನು ಅವನು. ಈಗಿನ ಕುಶಲಕರ್ಮಿಗಳು ರುಕರ್ಸ್ ಅಳತೆಯಲ್ಲೇ ವರ್ಜಿನಲ್ ಕಟ್ಟುತ್ತಾರೆ, ಗರಿಯ ಬದಲು ಹೆಚ್ಚಾಗಿ ಪ್ಲಾಸ್ಟಿಕ್ ಚೂರು. ಮೊದಲ ಸಲ ಕೇಳುವವರು ಜಾನ್ ಮಂಡೆಯ ಬಿಸಿಲು-ಮಿಂಚು-ಗುಡುಗಿನ ಫ್ಯಾಂಟಸಿಯಾ ಇಲ್ಲವೇ ಬರ್ಡ್‌ನ ‘ದ ಬೆಲ್ಸ್’ ಕೇಳಬಹುದು. ಬುಲ್‌ನ ‘ವಾಲ್ಸಿಂಗ್‌ಹ್ಯಾಮ್’ಗೆ ಸ್ವಲ್ಪ ಬಿಡುವು ಬೇಕು.

ಈ ಮರುಹುಟ್ಟಿನಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ಹದಿನಾರನೆಯ, ಹದಿನೇಳನೆಯ ಶತಮಾನಗಳಲ್ಲಿ ಅವರ ಹೆಸರು ಉಳಿದದ್ದು ಪುಸ್ತಕದ ಒಡತಿಯರಾಗಿ: ಲೇಡಿ ನೆವೆಲ್‌ಳ ಪುಸ್ತಕ, 1656ರ ಎಲಿಜಬೆತ್ ರಾಜರ್ಸ್‌ಳ ಪುಸ್ತಕ. ಇಂಥ ಪುಸ್ತಕಗಳಲ್ಲಿರುವ ಹೆಸರಿಲ್ಲದ ರಚನೆಗಳಲ್ಲಿ ಅವರದೂ ಇದ್ದವೇ ಎಂದು ಕೇಳುವವರು ಆಗ ಇರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮಾರ್ಗರೆಟ್ ಗ್ಲಿನ್ ಹಸ್ತಪ್ರತಿಗಳನ್ನು ಹುಡುಕಿ ಗಿಬನ್ಸ್‌ನ ಕೀಲಿಮಣೆ ರಚನೆಗಳನ್ನು ಸಂಪಾದಿಸಿದಳು, 1924ರಲ್ಲಿ ವರ್ಜಿನಲ್ ಸಂಗೀತದ ಬಗ್ಗೆಯೇ ಪುಸ್ತಕ ಬರೆದಳು. 1926ರಲ್ಲಿ ಹಿಲ್ಡಾ ಆ್ಯಂಡ್ರೂಸ್ ಲೇಡಿ ನೆವೆಲ್‌ಳ ಪುಸ್ತಕವನ್ನು, ಆ ಯುದ್ಧದ ಸಮೇತ, ಸಂಪಾದಿಸಿ ಅಚ್ಚಿಗೆ ಕೊಟ್ಟಳು. ಬಾಲ್ಡ್‌ವಿನ್ ಪ್ರತಿಮಾಡಿ 335 ವರ್ಷವಾಗಿತ್ತು. 1969ರಲ್ಲಿ ಅಮೆರಿಕದ ಡೋವರ್ ಪ್ರಕಾಶನ ಅದನ್ನು ಅಗ್ಗದ ಬೆಲೆಗೆ ಮರುಮುದ್ರಿಸಿದ ಮೇಲೆ, ಬರ್ಡ್‌ನನ್ನು ಕಲಿಯಲು ಹೊರಟ ಎಷ್ಟೋ ವಿದ್ಯಾರ್ಥಿಗಳು ಮೊದಲು ತೆರೆದದ್ದು ಅವಳು ಸಿದ್ಧಪಡಿಸಿದ ಪುಟಗಳನ್ನೇ.